ಕಳಂಬೋಲಿಯಲ್ಲಿ ನಾನು ಮುಟ್ಟದ ಶೀರಾ

ನಿಖಿಲ, ತನ್ವಿ, ಇಬ್ಬರೂ ಕೇಳಿ. ನಿಮ್ಮ ಅಜ್ಜಿ ಈಚೆಗೆ ಒಂದು ಮದುವೆ ಮುರಿದಳು. ಬೈದು ಮುರಿದದ್ದಲ್ಲ, ಚಾಡಿ ಹೇಳಿ ಮುರಿದದ್ದಲ್ಲ. ಒಂದು ಚಮಚ ಶೀರಾ ಬಾಯಿಗೆ ಹಾಕದೆ ಮುರಿದಳು.

ಅದೂ ಯಾರದೋ ಮದುವೆಯಲ್ಲ. ನಿಖಿಲ, ನಿನ್ನದೇ.

ನಿಮಗೆ ಗೊತ್ತಿರುವ ಕಥೆ ಎನ್ನುತ್ತೀರಿ. ನಿಮಗೆ ಗೊತ್ತಿರುವುದು ಹೊರಗಿನ ಅರ್ಧ. ಒಳಗಿನ ಅರ್ಧ ನನ್ನ ಹೊಟ್ಟೆಯಲ್ಲಿದೆ. (ಬಹಳ ಕಾಲದಿಂದ ಅಲ್ಲಿ ಗುಡುಗುಡು ಎನ್ನುತ್ತಿದೆ.) ಇದನ್ನೆಲ್ಲ ಪೇಪರಿನಲ್ಲಿ ಬರೆಯಲು ನಾಚಿಕೆಯಾಗುವುದಿಲ್ಲವೇ? ಆಗುತ್ತದೆ. ಆದರೆ ನೀವಿಬ್ಬರು ಕನ್ನಡ ಕೇಳಿ ತಿಳಿಯುವವರೇ ಹೊರತು ಓದುವವರಲ್ಲ, ಅದೊಂದು ಧೈರ್ಯ. ಉಳಿದ ಓದುಗರು ಪಾಪ, ವಾರ ವಾರ ನನ್ನ ಮೊಣಕಾಲು ನೋವನ್ನೂ ನಮ್ಮ ಸೊಸೈಟಿಯ ನೀರಿನ ಜಗಳವನ್ನೂ ಸಹಿಸಿಕೊಂಡವರು. ಒಂದು ಹೊಟ್ಟೆ ಅವರಿಗೆ ಭಾರವಾಗಲಿಕ್ಕಿಲ್ಲ.

ಮನೆಯಲ್ಲಿದ್ದಾಗ ನನ್ನ ಹೊಟ್ಟೆಯಷ್ಟು ಸಾಧುವಾದ ಹೊಟ್ಟೆ ಡೊಂಬಿವಲಿಯಲ್ಲಿ ಇನ್ನೊಂದಿಲ್ಲ. ಹಲಸಿನ ಹಣ್ಣು ತಿಂದರೂ ಸುಮ್ಮನಿರುತ್ತದೆ. ನಿನ್ನೆಯ ಸಾಂಬಾರಿಗೂ ತಕರಾರಿಲ್ಲ. ಆದರೆ ಯಾರಾದರೂ, "ನಾಳೆ ಥಾಣೆಗೆ ಹೋಗ್ಲಿಕ್ಕುಂಟು, ರೆಡಿ ಇರಿ" ಎಂದರೆ ಮುಗಿಯಿತು. ಮೊದಲು ಅಂಗೈ ತಣ್ಣಗಾಗುತ್ತದೆ. ಗಂಟಲಲ್ಲಿ ಇಡೀ ಅಡಿಕೆ ಸಿಕ್ಕಿಕೊಂಡ ಹಾಗೆ. ಎದೆ ಡವಡವ. ತೇಗಿನ ಮೇಲೆ ತೇಗು. ಆಮೇಲೆ ಹೊಟ್ಟೆಯೊಳಗೆ ಒಂದು ಫಾಸ್ಟ್ ಲೋಕಲ್ ಹೊರಡುತ್ತದೆ. ಅದು ಯಾವ ಸ್ಟೇಷನ್ನಿನಲ್ಲಿಯೂ ನಿಲ್ಲುವ ಗಾಡಿಯಲ್ಲ.

ಬೇರೆಯವರು ಒಂದು ಊರನ್ನು ಅಲ್ಲಿಯ ದೇವಸ್ಥಾನದಿಂದ, ಮಾರ್ಕೆಟ್ಟಿನಿಂದ ಗುರುತಿಡುತ್ತಾರೆ. ನಾನು ಟಾಯ್ಲೆಟ್ಟಿನಿಂದ. ಕಲ್ಯಾಣ ಸ್ಟೇಷನ್ನಿನಲ್ಲಿ ಅದು ಯಾವ ತುದಿಗಿದೆ, ಥಾಣೆಯ ಯಾವ ಮಾಲ್‌ನಲ್ಲಿ ಮೆಟ್ಟಿಲು ಹತ್ತದೆ ಸಿಗುತ್ತದೆ, ವಾಶಿಯಲ್ಲಿ ಯಾವುದಕ್ಕೆ ಚಿಲಕವಿಲ್ಲ, ಎಲ್ಲವೂ ನನಗೆ ಬಾಯಿಪಾಠ. ಉಲ್ಹಾಸನಗರಕ್ಕೆ ಸೀರೆ ಕೊಳ್ಳಲು ಹೋದರೆ ನಿಮ್ಮಮ್ಮ ಶೈಲಾ ಜರಿ ನೋಡುತ್ತಾಳೆ, ನಾನು ಅಂಗಡಿಯ ಹಿಂಬಾಗಿಲು ನೋಡುತ್ತೇನೆ.

ಇದು ಇಂದು ನಿನ್ನೆಯ ರೋಗವಲ್ಲ. ಊರಿನ ಶಾಲೆಗೆ ಒಮ್ಮೆ ಇನ್‌ಸ್ಪೆಕ್ಟರು ಬಂದಿದ್ದರು. ನನ್ನ ಕಡೆ ಬೆರಳು ತೋರಿಸಿ ಹದಿಮೂರರ ಮಗ್ಗಿ ಹೇಳು ಎಂದರು. ನಾನು ಎದ್ದು ನಿಂತೆ, ಬಾಗಿಲು ದಾಟಿದೆ, ಗುಡ್ಡೆಯ ಕಡೆ ಓಡಿದೆ. ಮೇಷ್ಟ್ರು, "ಈ ಹುಡುಗಿಗೆ ಮಗ್ಗಿ ಬರುವುದಿಲ್ಲ ಸಾರ್" ಎಂದರಂತೆ. ಬರುತ್ತಿತ್ತು! ಗೇರುಮರದ ಹಿಂದೆ ಕೂತು ಪೂರ್ತಿ ಹೇಳಿದೆ. ಕೇಳಲು ಯಾರೂ ಇರಲಿಲ್ಲ, ಅಷ್ಟೆ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಮ್ಮ ಚಾಳಿನ ಸಾಲುಮನೆಗಳಲ್ಲಿ ಎಲ್ಲರಿಗೂ ಸೇರಿ ಸಾಲಾಗಿ ಪಾಯಿಖಾನೆಗಳು. ಬೆಳಿಗ್ಗೆ ಡಬ್ಬಿ ಹಿಡಿದು ಕ್ಯೂ. ಕ್ಯೂ ನೋಡಿದ ಕೂಡಲೇ ನನ್ನ ಹೊಟ್ಟೆಗೆ ಅವಸರ, ಬಾಗಿಲ ಹತ್ತಿರ ಬಂದ ಕೂಡಲೇ ಹೊರಗೆ ಜನ ಕಾಯುತ್ತಿದ್ದಾರೆಂಬ ಹೆದರಿಕೆಗೆ ಹೊಟ್ಟೆ ಬಂದ್. ಇಂತಹ ಹೊಟ್ಟೆಯನ್ನು ಕಟ್ಟಿಕೊಂಡು ಒಬ್ಬಳು ಎಷ್ಟು ವರ್ಷ ಬಾಳಬಹುದು? ಬಾಳಿದ್ದೇನೆ, ನೋಡಿ.

ನಿಮ್ಮ ಅಜ್ಜ ಇದ್ದಾಗ ಇಷ್ಟು ಕಷ್ಟವಿರಲಿಲ್ಲ. ಟ್ರೇನಿನಲ್ಲಿ ನನ್ನ ಮುಖ ಬಾಡಿದ್ದು ಕಂಡರೆ ಅವರು, "ನನಗೊಂದು ಚಹಾ ಬೇಕು" ಎಂದು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದರು. ಮುಂಬ್ರಾ ಇರಲಿ, ಕಲ್ವಾ ಇರಲಿ. ಇಡೀ ದಿನ ಹೋಟೆಲಿನಲ್ಲಿ ಚಹಾದ ಪಾತ್ರೆಯ ಎದುರು ನಿಲ್ಲುವ ಮನುಷ್ಯನಿಗೆ ಕಲ್ವಾ ಸ್ಟೇಷನ್ನಿನ ಚಹಾ ಯಾಕೆ ಬೇಕು? ಬಹಳ ವರ್ಷ ನಾನು ಅವರಿಗೆ ಚಹಾದ ಚಟ ಎಂದೇ ತಿಳಿದಿದ್ದೆ. ಅವರು ತೀರಿಕೊಂಡ ಮೇಲೆ ತಿಳಿಯಿತು, ಅವರಿಗೆ ಚಹಾ ಸೇರುತ್ತಿರಲಿಲ್ಲ ಎಂದು. ಅವರ ಹೋಟೆಲಿನವರೇ ಹೇಳಿದರು.

ಆಮೇಲೆ ಹೊಟ್ಟೆ ಪೂರಾ ಸ್ವತಂತ್ರವಾಯಿತು.

ನಿಮ್ಮಪ್ಪ ಸುಧಾಕರ ಬಿಡುವನೇ? ಥಾಣೆಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದ. ಬಾಯಿಯಿಂದ ಪೈಪು ಹಾಕಿ ನೋಡಿದರು. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಹಚ್ಚಿ ನೋಡಿದರು. ರಕ್ತ ನೋಡಿದರು, ಉಳಿದದ್ದನ್ನೂ ನೋಡಿದರು. (ಉಳಿದದ್ದು ಯಾವುದು ಎಂದು ಕೇಳಬೇಡಿ.) ಕೊನೆಗೆ ಆ ಡಾಕ್ಟರಮ್ಮ ನಗುತ್ತಾ, "ಆಜಿ, ಪೋಟ್ ಏಕದಮ್ ಚಾಂಗ್ಲಂ ಆಹೆ" ಎಂದಳು. ಹೊಟ್ಟೆ ಬಹಳ ಚೆನ್ನಾಗಿದೆಯಂತೆ!

ನಿಜ ಹೇಳಲೇ? ನನಗೆ ಅವಮಾನವಾಯಿತು. ಇಷ್ಟು ವರ್ಷ ನನ್ನನ್ನು ಕುಣಿಸಿದ ಹೊಟ್ಟೆ ಡಾಕ್ಟರರ ಎದುರು ಬಾಯಿಮುಚ್ಚಿ ಕೈಕಟ್ಟಿ ಕೂತಿತೇ? ಒಂದು ಸಣ್ಣ ಹುಣ್ಣಾದರೂ ಇರಬಾರದಿತ್ತೇ, ಜನರಿಗೆ ಹೇಳಲು?

ಡಾಕ್ಟರಮ್ಮ ವಿವರಿಸಿದಳು. ಮನಸ್ಸಿಗೂ ಹೊಟ್ಟೆಗೂ ಒಂದೇ ವೈರ್ ಇದೆ. ಮನಸ್ಸು ಹೆದರಿದರೆ ಹೊಟ್ಟೆಗೆ ಕರೆಂಟ್ ಹೊಡೆಯುತ್ತದೆ. ನೋವು ಸುಳ್ಳಲ್ಲ, ಓಡುವುದು ಸುಳ್ಳಲ್ಲ, ಆದರೆ ಬೆಂಕಿ ಹತ್ತಿರುವುದು ಮೇಲಿನ ಮಹಡಿಯಲ್ಲಿ. ಒಂದು ಚಿಕ್ಕ ಮಾತ್ರೆ ಬರೆದಳು, ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಟ್ಟಳು. ಉಪವಾಸ ಬಿದ್ದು ಹೊರಗೆ ಹೋಗಬೇಡಿ, ಖಾಲಿ ಹೊಟ್ಟೆ ಇನ್ನೂ ಹೆಚ್ಚು ಕೂಗುತ್ತದೆ, ಏನಾದರೂ ತಿಂದೇ ಹೊರಡಿ ಎಂದಳು. ನಾನು ತಲೆಯಾಡಿಸಿದೆ. ಮನೆಗೆ ಬಂದು ಮಾತ್ರೆ ತೆಗೆದುಕೊಂಡೆ, ಉಸಿರೂ ಬಿಟ್ಟೆ. ತಿಂದು ಹೊರಡುವುದನ್ನು ಮಾತ್ರ ಬಿಟ್ಟುಬಿಟ್ಟೆ. ಓದಿದವಳಾದರೇನು, ಅವಳಿಗೆ ನನ್ನ ಹೊಟ್ಟೆಯ ಬುದ್ಧಿ ಗೊತ್ತೇ?

ಸಂಬಂಧಿಕರಂತೂ ಬಿಡಿ. "ನಿಮ್ಗೆ ಎಂತ ಟೆನ್ಷನ್ ಅಕ್ಕ? ಮಗ ಉಂಟು, ಸೊಸೆ ಉಂಟು, ಟಿವಿ ಉಂಟು!" ಉಂಟು, ಎಲ್ಲ ಉಂಟು. ಅದನ್ನು ನನಗೆ ಹೇಳಿ ಏನು ಪ್ರಯೋಜನ? ಹೊಟ್ಟೆಗೆ ಹೇಳಿ.

ಈಗ ಕಳಂಬೋಲಿಗೆ ಬರೋಣ.

ನಿಖಿಲ, ನೀನೂ ಶ್ರಾವ್ಯಾಳೂ ರಬಾಳೆಯ ಒಂದೇ ಕಂಪನಿಯಲ್ಲಿ ಕೆಲಸ ಮಾಡುವವರು. ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಒಪ್ಪಿ ಆಗಿತ್ತು. ಇನ್ನು ಉಳಿದದ್ದು ಹಿರಿಯರ ಸಮಾಧಾನಕ್ಕೆ ಹೆಣ್ಣು ನೋಡುವ ಶಾಸ್ತ್ರ. ಹುಡುಗಿಯ ತಂದೆ ಗೋಪಾಲಣ್ಣ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ಹೋಟೆಲು ಇಟ್ಟುಕೊಂಡವರು, ತಾಯಿ ಜಯಂತಿ. ನಮ್ಮ ಉಡುಪಿ ಕಡೆಯವರೇ. ಎಲ್ಲ ಸರಿ ಇತ್ತು. ಸರಿ ಇಲ್ಲದ್ದು ಒಂದೇ, ಡೊಂಬಿವಲಿಯಿಂದ ಕಳಂಬೋಲಿಗೆ ಶಿಳ್‌ಫಾಟಾ ಎಂಬ ಕೂಡುರಸ್ತೆ ದಾಟಿಯೇ ಹೋಗಬೇಕು.

ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಮ್ಮೆ ಸಿಕ್ಕಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಎಡಗಡೆ ಟ್ರಕ್ಕು, ಬಲಗಡೆ ಟ್ರಕ್ಕು, ಮುಂದೆ ಟ್ಯಾಂಕರು. ಅದರ ನಡುವೆ ಒಬ್ಬ ಮುದುಕಿ ಇಳಿದು ಎಲ್ಲಿಗೆ ಹೋಗಬೇಕು?

ಆದ್ದರಿಂದ ನಾನು ಹಿಂದಿನ ದಿನವೇ ತಯಾರಿ ನಡೆಸಿದೆ. ಮಧ್ಯಾಹ್ನದಿಂದ ಗಂಜಿಯ ತಿಳಿ. ಬೆಳಿಗ್ಗೆ ಒಂದು ಗುಟುಕು ಜೀರಿಗೆ ನೀರು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಅದು ಏನನ್ನು ತಾನೇ ಹೊರಗೆ ಹಾಕೀತು? ಇದು ನನ್ನ ಲೆಕ್ಕಾಚಾರ.

ಅವರ ಮನೆಗೆ ಹೋಗಿ ಕೂತೆವು. ಚೊಕ್ಕಟವಾದ ಮನೆ. ನಾನು ಮೊದಲು ನೋಡಿದ್ದು ಹುಡುಗಿಯನ್ನಲ್ಲ, ಟಾಯ್ಲೆಟ್ಟಿನ ಬಾಗಿಲನ್ನು. ಎದೆ ಧಸಕ್ಕೆಂದಿತು. ಅದು ಹಾಲ್‌ಗೆ ತಾಗಿಕೊಂಡೇ ಇತ್ತು! ಸೋಫಾಕ್ಕೂ ಅದಕ್ಕೂ ನಡುವೆ ಒಂದು ಫ್ರಿಜ್ಜು ಮಾತ್ರ. ಒಳಗೆ ಕೆಮ್ಮಿದರೆ ಹೊರಗೆ, "ನೀರು ಬೇಕಾ?" ಎಂದು ಕೇಳುವಷ್ಟು ಹತ್ತಿರ.

ಅಲ್ಲಿಗೆ ನಾನು ನಿರ್ಧರಿಸಿಬಿಟ್ಟೆ. ಈ ಮನೆಯಲ್ಲಿ ಒಂದು ಹನಿ, ಒಂದು ತುತ್ತು ಒಳಗೆ ಹೋಗಬಾರದು.

ಬೆಲ್ಲ, ನೀರು ಬಂತು. "ಬೇಡ" ಎಂದೆ. ಬಿಸಿ ಬಿಸಿ ಶೀರಾ ಬಂತು, ತುಪ್ಪ ಅಂಚಿನಲ್ಲಿ ಹೊಳೆಯುತ್ತಿತ್ತು. ಜೊತೆಗೆ ಎಣ್ಣೆಯಲ್ಲಿ ಕರಿದ ಉದ್ದಿನ ಬಿಸ್ಕುಟ್ ಅಂಬಡೆ.

"ಸ್ವಲ್ಪ ತೆಕ್ಕೊಳ್ಳಿ ಅಮ್ಮ, ಹುಡುಗಿಯೇ ಮಾಡಿದ್ದು" ಎಂದಳು ಜಯಂತಿ.

"ಬೇಡ."

"ಚಹಾ?"

"ಬೇಡ."

"ನೀರಾದ್ರೂ ಕುಡೀರಿ, ಬಿಸಿಲಲ್ಲಿ ಬಂದದ್ದು."

"ಬೇಡ ಬೇಡ."

ಆ ಹುಡುಗಿ ಶ್ರಾವ್ಯಾ ತಟ್ಟೆ ಹಿಡಿದುಕೊಂಡು ನನ್ನ ಎದುರು ಬಗ್ಗಿ ನಿಂತಿದ್ದಳು. ನಾನು ಸೆರಗಿನೊಳಗೆ ಹೊಟ್ಟೆಯನ್ನು ಒತ್ತಿ ಹಿಡಿದು, ಹಲ್ಲು ಕಚ್ಚಿ, ಫ್ರಿಜ್ಜಿನ ಆಚೆಯ ಬಾಗಿಲನ್ನೇ ನೋಡುತ್ತಿದ್ದೆ. ಅವಳು ಮೆಲ್ಲಗೆ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಅಬ್ಬಾ, ಪಾರಾದೆ ಎಂದುಕೊಂಡೆ.

ಕಾರಿನಲ್ಲಿ ತನ್ವಿ, ನೀನು ಹೇಳಿದ್ದು ನೆನಪಿದೆಯೇ? "ಆಜಿ, ಅಪ್ನಾ ಫೇಸ್ ದೇಖಾ ಥಾ? ಪೂರಾ ವಿಲನ್!" ನಾನು ಮುಖ ನೋಡಿಕೊಂಡಿರಲಿಲ್ಲ. ನಾನು ಶಿಳ್‌ಫಾಟಾ ನೋಡುತ್ತಿದ್ದೆ.

ಈಗ ನಿಮಗೆ ಒಂದು ವಿಷಯ ಹೇಳಬೇಕು. ನಿಮಗೆ ಇದನ್ನೆಲ್ಲ ಯಾರೂ ಹೇಳಿಲ್ಲ. ನಮ್ಮ ಹಿರಿಯರಲ್ಲಿ ಹುಡುಗಿ ಬೇಡ ಎಂದು ಬಾಯಿಬಿಟ್ಟು ಹೇಳುವ ಕ್ರಮವಿರಲಿಲ್ಲ. ಹೇಳಿದರೆ ನೋವಾಗುತ್ತದೆ ಎಂದು ತಟ್ಟೆಯಲ್ಲಿ ಹೇಳುತ್ತಿದ್ದರು. ಗಂಡಿನ ಕಡೆಯ ಹಿರಿಯ ಹೆಂಗಸು ಸಿಹಿ ತಿಂದರೆ ಒಪ್ಪಿಗೆ. ಮುಟ್ಟದೆ ಎದ್ದರೆ ಇಲ್ಲ. ನನ್ನನ್ನು ನೋಡಲು ಬಂದ ದಿನ ನನ್ನ ಅತ್ತೆ ಸಿಹಿ ಸಜ್ಜಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡಾಗ, ಒಳಗೆ ಒಲೆಯ ಹತ್ತಿರ ನನ್ನ ಅಮ್ಮ ಅತ್ತೇಬಿಟ್ಟಿದ್ದಳು, ಸಂತೋಷಕ್ಕೆ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೆ ಹೆದರಿಕೆ ಹತ್ತಿದಾಗ ನನ್ನ ಬುದ್ಧಿಯೆಲ್ಲ ಹೊಕ್ಕುಳಿನ ಕೆಳಗೆ ಇಳಿದಿರುತ್ತದೆ. ಅಲ್ಲದೆ ನನ್ನದು ಇನ್ನೊಂದು ಎಣಿಕೆ. ಗಂಡ ತೀರಿಕೊಂಡವಳು ನಾನು, ಶುಭಕಾರ್ಯದಲ್ಲಿ ಮೂಲೆಯ ಕುರ್ಚಿ ಹುಡುಕಿ ಕೂರುವವಳು. ನನ್ನ ತಟ್ಟೆಯನ್ನು ಯಾರು ನೋಡುತ್ತಾರೆ? ಜೀವಮಾನವಿಡೀ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಹೆದರಿ ಸತ್ತವಳು. ಯಾರೂ ನೋಡುವುದಿಲ್ಲ ಎಂದು ನಂಬಿದ್ದು ಅದೊಂದು ದಿನ. ಅಂದೇ ಮನೆ ಮಂದಿಯೆಲ್ಲ ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

ಎರಡು ದಿನ ಕಳೆದು ಗೋಪಾಲಣ್ಣನ ಫೋನು ಬಂತು. ಬಹಳ ಮರ್ಯಾದೆಯ ಮಾತು. "ನಿಮ್ಮ ಅಮ್ಮನಿಗೆ ಮನಸ್ಸಿಲ್ಲ ಅಂತ ನಮ್ಗೆ ಗೊತ್ತಾಯ್ತು ಸುಧಾಕರಣ್ಣ. ಹಿರಿಯರ ಮನಸ್ಸು ನೋಯಿಸಿ ಮದುವೆ ಬೇಡ. ನಾವು ಬೇರೆ ಕಡೆ ನೋಡ್ತೇವೆ."

ಮನೆಯಲ್ಲಿ ಮೀಟಿಂಗು. ನಿಮ್ಮಮ್ಮ ಬುದ್ಧಿವಂತೆ. ಕೂಡಲೇ ಜಯಂತಿಗೆ ಫೋನು ಮಾಡಿ, "ಅಯ್ಯೋ, ಹಾಗಲ್ಲ! ಅತ್ತೆಗೆ ಅವತ್ತು ಸಂಕಷ್ಟಿ ಉಪವಾಸ. ನೀರೂ ಮುಟ್ಟುದಿಲ್ಲ ಅವ್ರು" ಎಂದಳು.

ಆ ಕಡೆಯಿಂದ ಜಯಂತಿಯ ಸ್ವರ: "ಸಂಕಷ್ಟಿ ನೀವು ಬರುವ ಒಂದು ವಾರ ಮೊದಲೇ ಆಯ್ತಲ್ಲ ಶೈಲಕ್ಕ. ನಾನೂ ಹಿಡೀತೇನೆ. ಕ್ಯಾಲೆಂಡರ್ ಇಲ್ಲೇ ಎದುರು ಉಂಟು."

ಸುಳ್ಳು ಹೇಳುವುದಾದರೂ ತಿಥಿ ನೋಡಿ ಹೇಳಬಾರದೇ? ಮೊದಲು ನಾವು ಹುಡುಗಿ ಬೇಡ ಎಂದವರಾಗಿದ್ದೆವು. ಈಗ ದೇವರ ಹೆಸರಿನಲ್ಲಿ ಸುಳ್ಳು ಹೇಳುವವರೂ ಆದೆವು.

"ಕಾಯಿಲೆ ಅಂತ ಹೇಳುವ" ಎಂದ ಸುಧಾಕರ.

"ಎಂತ ಕಾಯಿಲೆ ಅಂತ ಕೇಳ್ತಾರಲ್ಲ?" ಎಂದಳು ಶೈಲಾ.

"ಶುಗರ್."

"ಶುಗರ್ ಅಂದ್ರೆ ವಂಶದಲ್ಲಿ ಉಂಟು ಅಂತ ಶುರು ಮಾಡ್ತಾರೆ."

"ಹಾಗಾದ್ರೆ ಇದ್ದದ್ದು ಹೇಳುವ. ಹೆದರಿಕೆಗೆ ಹೊಟ್ಟೆ ಕೆಡ್ತದೆ ಅಂತ."

"ಮನಸ್ಸಿನ ಕಾಯಿಲೆ ಅಂತೀರಾ? ಹೆಣ್ಣು ಕೊಡುವವರ ಹತ್ರ? ಮುಗೀತು ಕಥೆ!"

ನಾನು ಅಲ್ಲೇ ಕೂತಿದ್ದೆ. ನನ್ನ ಹೊಟ್ಟೆಯ ವಿಷಯದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಮಾತಾಡುತ್ತಿದ್ದರು. ಎಂಥ ಲೋಕ ನೋಡಿ. ಜ್ವರ ಬಂದರೆ ಇಡೀ ಬಿಲ್ಡಿಂಗಿಗೆ ಹೇಳುತ್ತೇವೆ. ಬಿಪಿ ಇದೆ ಎನ್ನುವಾಗ ಸ್ವರದಲ್ಲಿ ಒಂದು ಗತ್ತೇ ಬರುತ್ತದೆ. ಹೆದರಿಕೆಯಿಂದ ಹೊಟ್ಟೆ ಕೆಟ್ಟಿತು ಎಂದರೆ ಮಾತ್ರ ಸ್ವರ ತಗ್ಗುತ್ತದೆ. ಹೆದರಿಕೆಯೇನು ನಾವು ಕದ್ದು ತಂದ ಮಾಲೇ?

ನಿಖಿಲ, ನೀನು ಆಗ ಊಟದ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದೆ. ಆಮೇಲೆ ನನ್ನ ಮಂಚದ ಹತ್ತಿರ ಬಂದು ಕೂತು, ನನ್ನ ಮುಖ ನೋಡದೆ ಕೇಳಿದೆ: "ಆಜಿ, ತುಲಾ ತೀ ಆವಡ್ಲೀ ನಾಹೀ ಕಾ?" ನನಗೆ ಅವಳು ಇಷ್ಟವಾಗಲಿಲ್ಲವೇ ಎಂದು.

ಏನು ಹೇಳಲಿ? ನಾನು ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಮಗಾ. ಬಾಗಿಲು ನೋಡುತ್ತಿದ್ದೆ.

"ನಾನೇ ಹೋಗಿ ಹೇಳ್ತೇನೆ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಅತ್ತೆ, ನಿಮ್ಮಿಂದ ಆಗ್ತದಾ?" ಎಂದಳು ಶೈಲಾ.

"ಆಗುದಿಲ್ಲ. ಆದ್ರೂ ಹೋಗ್ತೇನೆ."

ಹೇಳಿಯಾಗಿತ್ತು. ಹೇಳಿದ ಮರುಕ್ಷಣ ಹೊಟ್ಟೆ ಹಾರ್ನ್ ಹೊಡೆಯಿತು.

ಈ ಸಲ ಡಾಕ್ಟರಮ್ಮನ ಮಾತು ಕೇಳೋಣ ಎಂದು ಒಂದು ಇಡ್ಲಿ ತಿಂದು ಹೊರಟೆ. ಕಾರಿನಲ್ಲಿ ನಾನು, ನೀವಿಬ್ಬರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಕಂಠಪಾಠ ಮಾಡಿದೆ. "ಜಯಂತಿ, ತಪ್ಪು ತಿಳೀಬೇಡಿ, ಅಂದು ನಾನು ತಿನ್ನದೆ ಇದ್ದದ್ದಕ್ಕೆ ಬೇರೆಯೇ ಕಾರಣವುಂಟು..." ಎಷ್ಟು ಚಂದದ ವಾಕ್ಯ! ಶಿಳ್‌ಫಾಟಾದಲ್ಲಿ ಗಾಡಿ ನಿಂತಿತು. ಮೂಗಿನಿಂದ ಉಸಿರು ತೆಗೆದು ಬಾಯಿಯಿಂದ ಬಿಟ್ಟೆ. ಪಕ್ಕದ ಟ್ರಕ್ಕಿನ ಹೊಗೆಯೆಲ್ಲ ನನ್ನೊಳಗೆ ಬಂತು. ತಳೋಜಾ ದಾಟುವಾಗ ಇಡ್ಲಿ ತನ್ನ ಇರವನ್ನು ತಿಳಿಸಿತು. ಕಳಂಬೋಲಿಯ ಲಿಫ್ಟಿನಲ್ಲಿ ನನಗೆ ಚಳಿ ಬೆವರು.

ಬಾಗಿಲು ತೆಗೆದವರು ಗೋಪಾಲಣ್ಣ. "ಬನ್ನಿ" ಎಂದರು, ಒಂದೇ ಮಾತು. ನಾವು ಕೂತೆವು. ಜಯಂತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಳು, ಶ್ರಾವ್ಯಾ ಅವಳ ಹಿಂದೆ. ಬೆಲ್ಲ ಬರಲಿಲ್ಲ, ನೀರು ಬರಲಿಲ್ಲ. ಬೇಡ ಬೇಡ ಎನ್ನುವವರ ಎದುರು ಎಷ್ಟು ಸಲ ತಟ್ಟೆ ಹಿಡಿಯುವುದು?

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇನ್‌ಸ್ಪೆಕ್ಟರು ಬಂದ ಹಾಗಾಯಿತು. ನಾನು ಎದ್ದು ನಿಂತೆ. ಅಷ್ಟು ಚಂದದ ವಾಕ್ಯ ಎಲ್ಲಿ ಹೋಯಿತೋ.

"ಜಯಂತಿ, ನಿಮ್ಮ ಟಾಯ್ಲೆಟ್ಟಿಗೆ ಹೋಗ್ಬಹುದಾ?"

ಅದೇ ನಾನು ಆಡಿದ ಮಾತು. ಮದುವೆ ಮಾತುಕತೆ ಹೀಗೆ ಶುರುವಾದದ್ದು ನಮ್ಮ ಕುಟುಂಬದಲ್ಲಿ ಇದೇ ಮೊದಲಿರಬೇಕು.

ಉತ್ತರಕ್ಕೂ ಕಾಯದೆ ಫ್ರಿಜ್ಜು ದಾಟಿದೆ. ಚಿಲಕ ಹಾಕಿದೆ. ಹೊರಗೆ ಗವ್ವೆನ್ನುವ ಮೌನ. ಸೋಫಾದ ಮೇಲೆ ಯಾರೋ ಕಾಲು ಬದಲಿಸಿದ್ದೂ ಕೇಳುತ್ತಿತ್ತು. ಅವರದು ನನಗೆ ಕೇಳಿದರೆ ನನ್ನದು ಅವರಿಗೆ ಕೇಳದಿರುತ್ತದೆಯೇ? ನಲ್ಲಿ ತಿರುಗಿಸಿದೆ, ನೀರಿನ ಹೊತ್ತಲ್ಲ. ಬಾಲ್ದಿಯಲ್ಲಿದ್ದ ನೀರು ಸದ್ದು ಮಾಡುವುದಿಲ್ಲ. ಮೇಲೆ ಒಬ್ಬ ದೇವರು ಇದ್ದರೆ ಈಗಲೇ ಈ ಬಿಲ್ಡಿಂಗಿನಲ್ಲಿ ಏನಾದರೂ ಬೀಳಿಸಪ್ಪಾ ಎಂದುಕೊಂಡೆ.

ಆಗ ಹೊರಗೆ ಮಿಕ್ಸಿ ಶುರುವಾಯಿತು.

ಅಬ್ಬಬ್ಬಾ, ಎಂಥ ಮಿಕ್ಸಿ! ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸರಳು ಕೊಯ್ಯುವ ಹಾಗೆ. ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು. ಮತ್ತೆ ನಿಂತಿತು, ಮತ್ತೆ. ನಾನು ಬದುಕಿದೆ.

ಹೊರಗೆ ಬಂದೆ. ಮಿಕ್ಸಿ ನಿಂತಿತು. ಈಗ ಇನ್ನು ಹೆದರಲು ಏನು ಉಳಿದಿದೆ? ನಡೆಯಬಾರದ್ದು ನಡೆದು ಹೋಗಿತ್ತು. ಮುಖ ಒರೆಸಿಕೊಂಡು ನಿಂತುಕೊಂಡೇ ಎಲ್ಲ ಹೇಳಿದೆ. ಮಗ್ಗಿ, ಚಾಳಿನ ಕ್ಯೂ, ಬಾಯಿಗೆ ಹಾಕಿದ ಪೈಪು, ಗಂಜಿಯ ತಿಳಿ. "ಸಂಕಷ್ಟಿಯೂ ಇಲ್ಲ, ಎಂತದ್ದೂ ಇಲ್ಲ. ನನಗೆ ಹೆದರಿಕೆ. ಹೆದರಿದ್ರೆ ಹೊಟ್ಟೆ ಕೈಕೊಡ್ತದೆ. ಡಾಕ್ಟ್ರು ಮನಸ್ಸಿನದ್ದು ಅಂದಿದ್ದಾರೆ, ಮಾತ್ರೆಯೂ ಉಂಟು. ಅಂದು ನಿಮ್ಮ ಮಗಳನ್ನು ನಾನು ಬೇಡ ಅಂದದ್ದಲ್ಲ. ಶೀರಾ ಬೇಡ ಅಂದದ್ದು. ಅದೂ ಶೀರಾದ ತಪ್ಪಲ್ಲ."

"ಅಯ್ಯೋ ದೇವ್ರೇ!" ಎಂದಳು ಜಯಂತಿ. ತಲೆಗೆ ಕೈಯಿಟ್ಟುಕೊಂಡು ಅಲ್ಲೇ ಕೂತಳು. "ಇಷ್ಟೇ ಸಂಗತಿಯಾ? ನಾವು ಎಂತೆಲ್ಲ ಎಣಿಸಿದ್ದು ಗೊತ್ತುಂಟಾ ನಿಮ್ಗೆ?"

ಗೋಪಾಲಣ್ಣ ನೆಲ ನೋಡುತ್ತಾ ಹೇಳಿದರು: "ಹುಡುಗಿ ಬಣ್ಣ ಸ್ವಲ್ಪ ಕಡಿಮೆ, ಅದಕ್ಕೇ ನಿಮ್ಗೆ ಬೇಡ ಆಯ್ತು ಅಂತ ಎಣಿಸಿದ್ದಮ್ಮ. ಈ ಹಿಂದೆ ಒಬ್ರು ಹಾಗೇ ಎದ್ದು ಹೋದದ್ದುಂಟು. ಇವಳು ಎರಡು ದಿನ ಸರಿ ಊಟ ಮಾಡ್ಲಿಲ್ಲ."

ಆಗ ನಾನು ಆ ಹುಡುಗಿಯನ್ನು ನೋಡಿದೆ. ಮೊದಲ ಸಲ, ಸರಿಯಾಗಿ. ಕಣ್ಣು ಕೆಳಗೆ ಹಾಕಿ ನಿಂತಿದ್ದಳು. ಎಷ್ಟು ಲಕ್ಷಣವಾದ ಮುಖ! ನನ್ನ ಹೊಟ್ಟೆ ನನ್ನೊಬ್ಬಳದೇ ಕಷ್ಟ, ಮುಚ್ಚಿಟ್ಟರೆ ಯಾರಿಗೇನು ಎಂದುಕೊಂಡಿದ್ದೆನಲ್ಲ? ನಾನು ಮುಚ್ಚಿಟ್ಟದ್ದು ಹೋಗಿ ಒಬ್ಬಳ ಮುಖದ ಬಣ್ಣಕ್ಕೆ ಬಿದ್ದಿತ್ತು. ಈ ಮಾತು ಬರೆಯುವಾಗ ನನಗೆ ತಮಾಷೆ ತೋಚುವುದಿಲ್ಲ.

ನಾನು ಹತ್ತಿರ ಹೋಗಿ ಅವಳ ಕೈ ಹಿಡಿದೆ. ಕೈ ತಣ್ಣಗಿತ್ತು. ಅಂತಹ ತಣ್ಣಗಿನ ಅಂಗೈ ನನಗೆ ಗೊತ್ತು.

"ಮಿಕ್ಸಿಯಲ್ಲಿ ಎಂತ ಅರೆದದ್ದು ಮಗಾ?" ಎಂದೆ ಮೆಲ್ಲಗೆ.

"ಎಂತದೂ ಇಲ್ಲ ಅಜ್ಜಿ, ಖಾಲಿ ಜಾರು" ಎಂದಳು ಇನ್ನೂ ಮೆಲ್ಲಗೆ. "ಇಂಟರ್‌ವ್ಯೂ ಇದ್ದ ದಿನ ನಾನು ಒಳಗೆ ಹೋದ್ರೆ ಅಮ್ಮ ನಂಗೋಸ್ಕರ ಹೀಗೇ ಹಾಕ್ತಾಳೆ. ಮೊನ್ನೆ ನೀವೆಲ್ಲ ಬರುವ ಮೊದಲೂ ಹಾಕಿದ್ಳು."

ಖಾಲಿ ಜಾರು! ನಾನು ಎಷ್ಟೋ ಮದ್ದು ಮಾಡಿ ನೋಡಿದ್ದೇನೆ. ಓಮದ ಕಷಾಯ, ಇಂಗು ಮಜ್ಜಿಗೆ, ಪಕ್ಕದ ಮನೆಯ ಮರಾಠಿ ಹೆಂಗಸು ಉಪ್ಪು ಮೆಣಸು ನಿವಾಳಿಸಿ ಹಾಕಿದ್ದು. ಆ ಖಾಲಿ ಜಾರಿನಷ್ಟು ಹಿತವಾದದ್ದು ಯಾವುದೂ ಇರಲಿಲ್ಲ.

ಗೋಪಾಲಣ್ಣ ಎದ್ದು ಅಂಗಿಯ ತೋಳು ಮೇಲೇರಿಸಿದರು. "ಶೀರಾ ನಾನೇ ಮಾಡ್ತೇನೆ. ಹತ್ತು ನಿಮಿಷ ಕೂರಿ" ಎಂದು ಒಳಗೆ ಹೋದರು. ಅಲ್ಲಿಂದಲೇ ಕೂಗಿದರು, "ಅಮ್ಮಾ, ನಿಮ್ಗೆ ತುಪ್ಪ ಕಡಿಮೆ ಹಾಕುದಾ?"

"ಟಾಯ್ಲೆಟ್ ಹತ್ರವೇ ಉಂಟಲ್ಲ, ಸರಿಯಾಗಿ ಹಾಕಿ!" ಎಂದೆ.

ಇದನ್ನು ನಾನೇ ಹೇಳಿದೆನೇ? ಹೇಳಿದೆ. ತನ್ವಿ, ನೀನು ನಕ್ಕು ನಕ್ಕು ಸೋಫಾದಿಂದ ಜಾರಿದ್ದೆ. ನಿಖಿಲ, ನಿನ್ನ ಕಿವಿ ಕೆಂಪಾಗಿತ್ತು, ನಾಚಿಕೆಗೋ ಸಂತೋಷಕ್ಕೋ ನನಗೆ ತಿಳಿಯದು.

ತಟ್ಟೆ ಬಂತು. ಎಲ್ಲರ ಕಣ್ಣು ನನ್ನ ಚಮಚದ ಮೇಲೆ. ಗಂಟಲಲ್ಲಿ ಅದೇ ಅಡಿಕೆ. ಅದರ ಪಕ್ಕದಿಂದಲೇ ಶೀರಾ ಇಳಿಯಿತು. ಒಂದು ಚಮಚ, ಇನ್ನೊಂದು ಚಮಚ. ಜಯಂತಿ ಸೌಟು ಹಿಡಿದು ನಿಂತಿದ್ದಳು. "ಇನ್ನೂ ಸ್ವಲ್ಪ?" ಎಂದಳು. ಅವಳ ಸ್ವರ ನಡುಗುತ್ತಿತ್ತು.

"ಹಾಕಿ" ಎಂದೆ.

ಅವಳು ಸೌಟು ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಯಾಕೆಂದು ನನಗೆ ಗೊತ್ತು.

ಇನ್ನು ನೀವು ನನ್ನ ಹೊಟ್ಟೆ ಗುಣವಾಯಿತು, ಶುಭಂ ಎಂದು ತಿಳಿಯಬೇಡಿ. ವಾಪಸು ಬರುವಾಗ ತಳೋಜಾದ ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಬೇಕಾಯಿತಲ್ಲ? ಮುಂದಿನ ತಿಂಗಳು ನಿಶ್ಚಿತಾರ್ಥ. ಡೊಂಬಿವಲಿಯ ಹಾಲ್ ನೋಡಲು ಹೋದಾಗ ಎಲ್ಲರೂ ಸ್ಟೇಜು ನೋಡಿದರು, ನಾನೂ ಶ್ರಾವ್ಯಾಳೂ ನೇರ ಹಿಂಬದಿಯ ಓಣಿಗೆ ಹೋದೆವು. ಮೂರು ಇವೆ, ಚಿಲಕ ಸರಿ ಇದೆ. ಇಬ್ಬರೂ ಪಾಸು ಮಾಡಿದೆವು. ಮಾತ್ರೆ ನಡೆಯುತ್ತಿದೆ, ಉಸಿರು ಬಿಡುವುದೂ ನಡೆಯುತ್ತಿದೆ. ಗಂಟಲಿನ ಅಡಿಕೆ ಇದ್ದೇ ಇದೆ. ಒಂದೇ ವ್ಯತ್ಯಾಸ, ಈಗ ಯಾರಾದರೂ ಯಾಕೆ ತಿನ್ನುವುದಿಲ್ಲ ಎಂದು ಕೇಳಿದರೆ ನಾನು ತಿಥಿ ಹುಡುಕುವುದಿಲ್ಲ. "ಹೆದರಿಕೆ" ಎನ್ನುತ್ತೇನೆ. ಆಶ್ಚರ್ಯ ಏನು ಗೊತ್ತೇ? ಹಾಗೆಂದ ಕೂಡಲೇ ಎದುರಿನವರಲ್ಲಿ ಒಬ್ಬರಾದರೂ ಹತ್ತಿರ ಸರಿದು, "ನಂಗೂ ಹಾಗೇ ಮಾರಾಯ್ತಿ" ಎನ್ನುತ್ತಾರೆ. ಈ ಡೊಂಬಿವಲಿಯಲ್ಲಿ ಇಷ್ಟು ಹೊಟ್ಟೆಗಳು ಮುಚ್ಚಿಕೊಂಡು ಓಡಾಡುತ್ತಿವೆಯೇ?

ಶ್ರಾವ್ಯಾಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. "ಹೆಸರೂ ಹಾಕಿ ಅಜ್ಜಿ" ಎಂದಳು.

ಮಕ್ಕಳೇ, ಪೇಪರಿನಿಂದ ಈ ಪುಟವನ್ನು ಕತ್ತರಿಸಿ ಮಡಚಿ ಎಲ್ಲಾದರೂ ಭದ್ರವಾಗಿ ಇಡಿ, ರದ್ದಿಗೆ ಹಾಕಬೇಡಿ. ಮುಂದೆ ನಿಮ್ಮ ಮನೆಯಲ್ಲಿ ಒಂದು ಮಗು ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ಹಿಡಿದು ಕೂತರೆ, ನಾಟಕ ಮಾಡಬೇಡ ಎಂದು ಗದರುವ ಮೊದಲು ಇದನ್ನು ಒಮ್ಮೆ ತೆಗೆದು ಯಾರಿಂದಲಾದರೂ ಓದಿಸಿ ಕೇಳಿ. ಅಷ್ಟಕ್ಕೂ ಪುರುಸೊತ್ತಿಲ್ಲದಿದ್ದರೆ, ಎದ್ದು ಹೋಗಿ ಮಿಕ್ಸಿಯನ್ನಾದರೂ ಹಾಕಿ.